ಅಣ್ಣ ಮೇಲಿನಿಂದ, ತಮ್ಮ ಕೆಳಗಿನಿಂದ

ನಮ್ಮ ಲಾಂಚು ಬೆವರುತ್ತದೆ ಎಂದು ಮೊದಲು ಹೇಳಿದವನು ನನ್ನ ಅಣ್ಣನ ದೊಡ್ಡ ಮಗ. ಮರದ ದೋಣಿ, ವಯಸ್ಸಾಗಿದೆ, ವಯಸ್ಸಾದ ಮೈಗೆ ಬೆವರು ಜಾಸ್ತಿ ಎಂದ. ವಯಸ್ಸಾದವಳು ನಾನು ಪಕ್ಕದಲ್ಲೇ ಕೂತಿದ್ದೆ, ನನಗೇನೂ ಬೆವರಿರಲಿಲ್ಲ. ಆದರೂ ದೊಡ್ಡವನ ಬಾಯಿಂದ ಬಂದ ಮೇಲೆ ಮನೆಯಲ್ಲಿ ಅದೇ ಶಾಸ್ತ್ರವಾಯಿತು. ದಿನಾ ಬೆಳಿಗ್ಗೆ ಲಾಂಚಿನ ತಳದ ಹಲಗೆ ಎತ್ತಿದರೆ ಪಾದ ಮುಳುಗುವಷ್ಟು ನೀರು. ಅದಕ್ಕೆ ಬೆವರು ಎಂದು ಹೆಸರು. ಆ ಬೆವರನ್ನು ಬಕೆಟ್ಟಿನಲ್ಲಿ ಮೊಗೆದು ಹೊಳೆಗೆ ಚೆಲ್ಲುತ್ತಿದ್ದವಳು ಪುಟ್ಟಿ. ಆ ಲಾಂಚಿನಲ್ಲಿ ನಿಜವಾಗಿ ಬೆವರುತ್ತಿದ್ದದ್ದು ಅವಳೊಬ್ಬಳೇ.

ಪುಟ್ಟಿ ಎಂದರೆ ನನ್ನ ಅಣ್ಣನ ನಡುವಿನ ಮಗಳು. ತಲೆ ಅರ್ಧ ಬೆಳ್ಳಗಾಗಿದೆ. ಬಾಗಿಲು ದಾಟುವಾಗ ಬಗ್ಗಬೇಕಾದಷ್ಟು ಉದ್ದ. ಆದರೂ ಎಲ್ಲರಿಗೂ ಪುಟ್ಟಿ. ಮದುವೆಯೊಂದು ಆಗಿತ್ತು, ಅದು ಈ ಲಾಂಚಿನಷ್ಟು ಬಾಳಿಕೆ ಬರಲಿಲ್ಲ. ವಾಪಸು ಬಂದವಳು ಅಪ್ಪನ ಜೊತೆ ಲಾಂಚು ಹತ್ತಿದಳು. ಅಪ್ಪ ಹೋದ ಮೇಲೆ ಚುಕ್ಕಾಣಿ ಹಿಡಿದಳು. ಆಸ್ಪತ್ರೆಯ ನರ್ಸುಗಳು, ಶಾಲೆಯ ಮೇಷ್ಟ್ರುಗಳು, ತರಕಾರಿ ಬುಟ್ಟಿಯವರು ಎಲ್ಲರನ್ನೂ ಹೊಳೆ ದಾಟಿಸುವುದು ಅವಳ ಕೆಲಸ. ಆ ದಡದಲ್ಲಿ ಬಿಟ್ಟು ಈ ದಡಕ್ಕೆ ಬರುವಾಗ ಯಾರೂ ಇಲ್ಲದ ಲಾಂಚಿನಲ್ಲಿ ಅವಳು ಜೋರಾಗಿ ಹಾಡುತ್ತಾಳೆ. ದಡದ ಮೇಲೆ ಅವಳ ದನಿ ಯಾರೂ ಕೇಳಿಲ್ಲ, ಅಲ್ಲಿ ಅವಳಿಗೆ ಅಣ್ಣತಮ್ಮಂದಿರಿದ್ದಾರೆ.

ಅವಳ ಅಣ್ಣನನ್ನು ದೋಣಿ ನಿಲ್ಲುವ ಜೆಟ್ಟಿಯ ಜನ ಕ್ಯಾಪ್ಟನ್ ಎನ್ನುತ್ತಾರೆ. ಅವನು ಲಾಂಚು ನಡೆಸಿದವನಲ್ಲ, ಬಿಳಿ ಟೋಪಿ ಕೊಂಡವನು. ಟೈರಿನ ಅಂಗಡಿ ಇದೆ. ತಮ್ಮನನ್ನು ವಿಡಿಯೋ ಎನ್ನುತ್ತಾರೆ. ಲೋಕದಲ್ಲಿ ಯಾವ ಕೆಲಸ ಹೇಳಿದರೂ ಅವನು ಫೋನಿನಲ್ಲಿ ಅದರ ವಿಡಿಯೋ ನೋಡಿರುತ್ತಾನೆ, ನೋಡಿದ್ದೇ ಮಾಡಿದ ಲೆಕ್ಕ. ಅವನು ನೀರು ಸರಬರಾಜು ಕಚೇರಿಯಲ್ಲಿ ಕುರ್ಚಿಯ ಮೇಲಿರುತ್ತಾನೆ. ಒಬ್ಬನಿಗೆ ರಬ್ಬರು ಗೊತ್ತು, ಇನ್ನೊಬ್ಬನಿಗೆ ನೀರು ಗೊತ್ತು. ಒಂದು ರಬ್ಬರ್ ಪೈಪಿನಲ್ಲಿ ನೀರು ಹರಿಸುವುದಕ್ಕೆ ಇನ್ನು ಯಾರು ಬೇಕು ಹೇಳಿ.

ಪೈಪಿನ ವಿಷಯವನ್ನೂ ಹೇಳಿಬಿಡುತ್ತೇನೆ. ಲಾಂಚಿನ ಹಿಂಭಾಗದಲ್ಲಿ ಜನ ಕೂರುವ ಡೆಕ್ಕು ತೊಟ್ಟಿಯ ಹಾಗೆ ತಗ್ಗಾಗಿದೆ. ಮಳೆ ಬಂದರೆ, ಅಲೆ ಹಾರಿದರೆ ನೀರು ಅಲ್ಲೇ ನಿಲ್ಲುತ್ತದೆ. ಆ ನೀರು ಹೋಗಲೆಂದು ಎರಡು ಮೂಲೆಗೂ ಒಂದೊಂದು ತೂತು. ತೂತಿನ ಬಾಯಿಗೆ ರಬ್ಬರ್ ಪೈಪು ಕಟ್ಟಿ, ಡೆಕ್ಕಿನ ಅಡಿಯಲ್ಲೇ ಹಾಯಿಸಿ, ದೋಣಿಯ ಪಕ್ಕೆಯಲ್ಲಿರುವ ಇನ್ನೊಂದು ತೂತಿಗೆ ಸೇರಿಸಿರುತ್ತಾರೆ. ಡೆಕ್ಕಿಗೆ ಬಿದ್ದದ್ದು ಹೊಳೆಗೆ. ಬಲಗಡೆಯ ಪೈಪು ಕೈಗೆ ಸಿಗುತ್ತದೆ. ಅದನ್ನು ಪುಟ್ಟಿ ಒಂದು ಮಧ್ಯಾಹ್ನ ಊಟವಾದ ಮೇಲೆ ತಾನೇ ಬದಲಾಯಿಸಿದಳು, ಯಾರೂ ನೋಡಲಿಲ್ಲ, ಹಾಗಾಗಿ ಅದು ಕೆಲಸವೆಂದು ಯಾರಿಗೂ ಅನ್ನಿಸಲಿಲ್ಲ. ಎಡಗಡೆಯದೇ ತರಲೆ. ಅದರ ತಲೆ ಹಿಂದಿನ ಸೀಟಿನ ಕೆಳಗೆ, ಬಾಲ ಇಂಜಿನ್ನಿನ ಸಂದಿಯಲ್ಲಿ, ಹೊಟ್ಟೆಯೆಲ್ಲ ಅವರಪ್ಪ ಲಾಂಚಿನಲ್ಲೇ ಮಾಡಿ ಕೂರಿಸಿದ ಕಪಾಟಿನ ಹಿಂದೆ.

ಆ ಪೈಪನ್ನು ದೊಡ್ಡವನು ಒಮ್ಮೆ ಬದಲಾಯಿಸಿದ್ದ. ಅವರಪ್ಪ, ನನ್ನ ಅಣ್ಣ, ಸತ್ತ ವರ್ಷ. ಅದಾದ ಮೇಲೆ ಚಿಕ್ಕವನೂ ಒಮ್ಮೆ ಬದಲಾಯಿಸಿದ. ಆಗ ಅವರಿಬ್ಬರಿಗೂ ಮಾತಿರಲಿಲ್ಲ. ಅಪ್ಪನ ದೊಡ್ಡ ಫೋಟೋ ಯಾರ ಮನೆಯ ಗೋಡೆಯ ಮೇಲಿರಬೇಕು ಎಂದು ಜಗಳವಾಗಿ ಮುಖ ನೋಡುವುದೂ ನಿಂತಿತ್ತು. ಫೋಟೋ ಕೊನೆಗೆ ನನ್ನ ಮಂಚದ ಕೆಳಗೆ ಬಂತು, ಈಗಲೂ ಅಲ್ಲೇ ಇದೆ. "ಅವನು ಮೇಲಿಂದ ಹಾಕಿದಾನೆ ಅಂದ್ರೆ ಅದು ನೆಟ್ಟಗಿರಲ್ಲ, ನಾನು ಕೆಳಗಿಂದ ಹಾಕ್ತೀನಿ" ಎಂದು ಚಿಕ್ಕವನು ನನ್ನ ಮುಂದೆಯೇ ಹೇಳಿ ಹೋಗಿದ್ದ. ಇಬ್ಬರೂ ಕೆಲಸ ಮುಗಿಸಿ ಬಂದಾಗ ನಾನೇ ಚಹಾ ಕೊಟ್ಟೆ. ದೊಡ್ಡವನ ಅಂಗಿಯ ತೋಳಿನ ಇಸ್ತ್ರಿ ಗೆರೆ ಹಾಗೇ ಇತ್ತು. ಚಿಕ್ಕವನ ಉಗುರಿನಲ್ಲಿ ಒಂದು ಚೂರು ಮಸಿ ಇತ್ತು, ಅದನ್ನು ಅವನು ಎರಡು ದಿನ ತೊಳೆಯದೆ ಎಲ್ಲರಿಗೂ ತೋರಿಸಿದ. ಅದಾದ ಮೇಲೆ ಲಾಂಚು ಇನ್ನೂ ಚೆನ್ನಾಗಿ ಬೆವರಿತು.

ಹೀಗಿರುವಾಗ ಬಂದರಿನ ಸಾಹೇಬರು ತಪಾಸಣೆಗೆ ಬಂದರು. ಹೊಸಬರು, ಸಣಕಲು ಮನುಷ್ಯ, ಮಾತು ಕಡಿಮೆ. ಇಂಜಿನ್ ನೋಡಿದರು, ಲೈಫ್ ಜಾಕೆಟ್ಟು ನೋಡಿದರು, ಆಮೇಲೆ ಹೊಳೆಯಿಂದ ಒಂದು ಬಕೆಟ್ ನೀರೆತ್ತಿ ಡೆಕ್ಕಿನ ಎಡಮೂಲೆಗೆ ಸುರಿದರು. ನೀರು ತೂತಿನೊಳಗೆ ಮರ್ಯಾದೆಯಿಂದಲೇ ಇಳಿಯಿತು. ಸಾಹೇಬರು ಬದಿಗೆ ಬಾಗಿ ನೋಡಿದರು, ಹೊರಗೆ ಒಂದು ಹನಿ ಇಲ್ಲ. ಕಾಲ ಕೆಳಗೆ, ದೋಣಿಯ ಹೊಟ್ಟೆಯಲ್ಲಿ ಗಳಗಳ ಸದ್ದು.

"ನೀರು ಎಲ್ಲಿಗೆ ಹೋಯ್ತು?" ಎಂದರು.

ದೊಡ್ಡವನು ಟೋಪಿ ಸರಿಮಾಡಿಕೊಂಡ. "ಅದು ಹಾಗೇ ಸಾರ್. ಹಳೇ ಮರ ನೋಡಿ, ಬೆವರುತ್ತೆ."

"ನಾನು ಈಗ ಸುರಿದ ಬಕೆಟ್ಟು ಬೆವರಾ?"

"ಪೈಪು ಹೊಸದು ಸಾರ್, ನಾನೇ ಹಾಕಿದ್ದು" ಎಂದ ದೊಡ್ಡವನು.

"ಕೆಳಗಿಂದ ನಾನು ಹಾಕಿದ್ದು" ಎಂದ ಚಿಕ್ಕವನು. ಸಾಹೇಬರು ಇಬ್ಬರನ್ನೂ ಒಮ್ಮೆ ನೋಡಿ ಪುಟ್ಟಿಯ ಕಡೆ ತಿರುಗಿದರು. "ಸೋಮವಾರ ಬರ್ತೀನಮ್ಮ. ಅಲ್ಲೀತನಕ ಜನ ಹತ್ತಿಸೋ ಹಾಗಿಲ್ಲ. ಆಗಲೂ ಹೀಗೇ ಇದ್ರೆ ಈ ಜೆಟ್ಟಿಯ ಸರದಿ ಆಚೆ ದಡದವರ ಪ್ಲಾಸ್ಟಿಕ್ ದೋಣಿಗೆ. ನಾನು ಬೇಡ ಅಂದ್ರೂ ಅವರು ಬಿಡಲ್ಲ, ಅರ್ಜಿ ಹಾಕ್ಕೊಂಡು ಕೂತಿದಾರೆ."

ಪುಟ್ಟಿ ಬಕೆಟ್ಟು ತೆಗೆದುಕೊಂಡು ಸಾಹೇಬರು ಸುರಿದ ನೀರನ್ನು ಮೊಗೆಯತೊಡಗಿದಳು.

ಅವತ್ತು ಸಂಜೆ ದೊಡ್ಡ ಸೊಸೆ ಅವಳಿಗೆ ಚಹಾ ತಂದುಕೊಟ್ಟಳು. ಅವಳು ತಾನಾಗಿ ಚಹಾ ತಂದಳೆಂದರೆ ನಾನು ಸೆರಗು ಬಿಗಿ ಮಾಡಿಕೊಳ್ಳುತ್ತೇನೆ.

"ಹೋದ್ರೆ ಹೋಗ್ಲಿ ಬಿಡು ಪುಟ್ಟಿ" ಎಂದಳು. "ಈ ವಯಸ್ಸಲ್ಲಿ ನಿಂಗ್ಯಾಕೆ ಹೊಳೆ, ಗಾಳಿ. ಮನೇಲಿ ಹಾಯಾಗಿರು. ಅತ್ತೆಯ ಕೋಣೇಲಿ ಇನ್ನೊಂದು ಹಾಸಿಗೆ ಹಿಡಿಸುತ್ತೆ. ಪಾತ್ರೆ ತೊಳೆಯೋಳೂ ಬಿಟ್ಟು ಹೋದಳು ನೋಡು, ನಂಗೂ ಒಂದು ಜೊತೆಯಾಗುತ್ತೆ."

ನನ್ನ ಆ ಕೋಣೆ ಅಡುಗೆಮನೆಯ ಹಿಂದಿದೆ. ಅದರಲ್ಲಿ ಹಿಡಿಸುವುದು ಒಂದೂಕಾಲು ಹಾಸಿಗೆ. ಕಿಟಕಿ ಇದೆ, ತೆರೆದರೆ ಪಕ್ಕದ ಮನೆಯ ಗೋಡೆ ಒಳಗೆ ಇಣುಕುತ್ತದೆ. ಆ ಕೋಣೆಯಲ್ಲಿ ಹಾಯಾಗಿರುವುದು ಹೇಗೆಂದು ನಾನು ಕಲಿತಿದ್ದೇನೆ, ಬಹಳ ವರ್ಷ ಬೇಕಾಯಿತು. ಪುಟ್ಟಿ ಚಹಾ ಕುಡಿಯದೆ ಲೋಟದೊಳಗೆ ನೋಡುತ್ತಿದ್ದಳು. ಸೊಸೆ ಹೋದ ಮೇಲೆ ನನ್ನನ್ನು ಕೇಳಿದಳು: "ಅತ್ತೆ, ನೀನು ಕೊನೇ ಸಲ ಜೋರಾಗಿ ಮಾತಾಡಿದ್ದು ಯಾವಾಗ?" ನನಗೆ ನೆನಪಾಗಲಿಲ್ಲ. ಊರವರ ಜಗಳವೆಲ್ಲ ನೆನಪಿರುವ ನನಗೆ ಅದೊಂದು ನೆನಪಾಗಲಿಲ್ಲ.

ಮಾರನೆಯ ಬೆಳಿಗ್ಗೆ ಲಾಂಚನ್ನು ದಡಕ್ಕೆ ಎಳೆಸಿ ದಿಮ್ಮಿಗಳ ಮೇಲೆ ನಿಲ್ಲಿಸಿದರು. ದೋಣಿ ರಿಪೇರಿಯ ಮೇಸ್ತ್ರಿ ಬಂದ. ಅವನ ಕಸುಬು ದೋಣಿ ರಿಪೇರಿ ಎಂದು ಬೋರ್ಡಿನಲ್ಲಿದೆ, ಆದರೆ ಅವನು ಮಾಡುವುದು ನಾಲಿಗೆಯಿಂದ ಲೊಚ್ಚೆಂದು ಸದ್ದು. ಆ ಸದ್ದಾದ ಮೇಲೆ 'ಆಗಲ್ಲ' ಬರುತ್ತದೆ.

"ಲೊಚ್. ಆಗಲ್ಲ" ಎಂದ. "ಡೆಕ್ಕನ್ನೇ ಕೊಯ್ಯಬೇಕು. ಎರಡು ತಿಂಗಳು."

"ಸೋಮವಾರಕ್ಕೆ ಬೇಕು" ಎಂದಳು ಪುಟ್ಟಿ.

"ಹಾಗಾದ್ರೆ ಸೋಮವಾರಾನೂ ಆಗಲ್ಲ."

"ಯಾರು ಆಗಲ್ಲ ಅಂದದ್ದು? ಸರೀರಿ" ಎಂದ ದೊಡ್ಡವನು. ಟೋಪಿ ತೆಗೆದು ನನ್ನ ಕೈಗೆ ಕೊಟ್ಟ. ಹಿಂದಿನ ಸೀಟಿನ ಕೆಳಗಿನ ಮುಚ್ಚಳ ತೆಗೆಸಿ, ಎರಡು ಕೈ ಮುಂದೆ ಚಾಚಿ, ತಲೆ ತೂರಿಸಿ, ಒಳಗೆ ಇಳಿದ. ಹಿಂದೊಮ್ಮೆ ಪೈಪು ಬದಲಾಯಿಸಿದವನಲ್ಲವೇ, ದಾರಿ ಗೊತ್ತಿರಬೇಕು ಎಂದುಕೊಂಡೆವು. ಭುಜದವರೆಗೆ ಚೆನ್ನಾಗಿಯೇ ಹೋದ. ಹೊಟ್ಟೆಯ ಹತ್ತಿರ ಬಂದಾಗ ಒಳಗಿನಿಂದ ಒಂದು ದೀರ್ಘ ನಿಟ್ಟುಸಿರು ಕೇಳಿತು, ಆಮೇಲೆ ಕಾಲುಗಳು ನಿಂತವು.

"ಏನಣ್ಣ, ಸಿಕ್ತಾ?" ಎಂದು ಚಿಕ್ಕವನು ಕೇಳಿದ.

"ಸಿಕ್ತು."

"ಪೈಪು?"

"ನಾನು."

ಎಳೆಯಬೇಕಾಯಿತು. ಎಡಗಾಲು ಮೇಸ್ತ್ರಿ, ಬಲಗಾಲು ಚಿಕ್ಕವನು. ಮೊದಲ ಎಳೆತಕ್ಕೆ ಪ್ಯಾಂಟು ಬಂತು, ಮನುಷ್ಯ ಬರಲಿಲ್ಲ. ಜೆಟ್ಟಿಯಲ್ಲಿ ಬೇರೆ ದೋಣಿಗೆ ಕಾದಿದ್ದ ನರ್ಸುಗಳೆಲ್ಲ ಹೊಳೆಯ ಕಡೆ ತಿರುಗಿ ನಿಂತರು, ಭುಜ ಮಾತ್ರ ಅಲುಗುತ್ತಿತ್ತು. "ಉಸಿರು ಬಿಡು, ಉಸಿರು ಬಿಡು" ಎಂದು ಚಿಕ್ಕವನು ಕೂಗುತ್ತಿದ್ದ. ಒಳಗಿನಿಂದ "ಬಿಟ್ಟಾಗಿದೆ ಕಣೋ, ಇನ್ನು ಬಿಟ್ರೆ ಪ್ರಾಣಾನೇ" ಎಂದು ಉತ್ತರ ಬಂತು. ಕೊನೆಗೆ ಹೊಟ್ಟೆಯ ಸುತ್ತ ಸೋಪಿನ ನೀರು ಹೊಯ್ದು ಹೊರಗೆ ತೆಗೆದರು. ಪ್ಯಾಂಟು ಏರಿಸಿಕೊಂಡು, ಟೋಪಿ ಇಟ್ಟುಕೊಂಡು ಅವನು ಆಡಿದ ಮೊದಲ ಮಾತು ಇದು: "ಆಗಿನ ಕಾಲದಲ್ಲಿ ಈ ಮುಚ್ಚಳ ದೊಡ್ಡದಿತ್ತು." ಕುಣಿಯಲಾರದವಳಿಗೆ ನೆಲ ಡೊಂಕು, ಇಳಿಯಲಾರದವನಿಗೆ ದೋಣಿಯೇ ಕುಗ್ಗಿತು.

ಈಗ ಚಿಕ್ಕವನ ಸರದಿ. ಅವನು ನೋಡಿದ ವಿಡಿಯೋದಲ್ಲಿ ಒಬ್ಬ ಹಸಿರು ಬನಿಯನ್ನಿನವನು ಹಾಡು ಹೇಳಿಕೊಂಡು ಪೈಪು ಬದಲಾಯಿಸಿದ್ದನಂತೆ. ಅವನ ದೋಣಿಯಲ್ಲಿ ಪೈಪು ಮೊಣಕೈಯಷ್ಟು ಉದ್ದ, ಎದುರಿಗೇ ಇತ್ತು. "ತತ್ವ ಒಂದೇ ಅಕ್ಕ" ಎಂದ ಪುಟ್ಟಿಗೆ. ಇಂಜಿನ್ನಿನ ಸಂದಿಯಲ್ಲಿ ಒಂದು ತೋಳು ತೂರಿಸಿದ. ಆ ತೋಳಿನ ತುದಿಯಲ್ಲಿ ಫೋನು, ಫೋನಿನಲ್ಲಿ ಟಾರ್ಚು, ಟಾರ್ಚಿನ ಜೊತೆಗೇ ವಿಡಿಯೋ ಓಡುತ್ತಿತ್ತು. "ಕಾಣ್ತಾ ಇದೆ, ಕಾಣ್ತಾ ಇದೆ" ಎಂದ. ಪ್ಲುಳಕ್ಕೆಂದು ಸದ್ದಾಯಿತು. ತೋಳು ಹೊರಗೆ ಬಂತು, ಬರಿಗೈ. ದೋಣಿಯ ತಳದ ಬೆವರಿನೊಳಗಿಂದ ಹಸಿರು ಬನಿಯನ್ನಿನವನು ಸ್ವಲ್ಪ ಹೊತ್ತು ಹಾಡಿದ, ಆಮೇಲೆ ಅವನೂ ಸುಮ್ಮನಾದ.

ಮೇಸ್ತ್ರಿ ಲೊಚ್ಚೆಂದ.

ಆಗ ಪುಟ್ಟಿ ಹೇಳಿದಳು: "ಕಪಾಟು ತೆಗೀಬೇಕು."

ಅದುವರೆಗೆ ನಗುತ್ತಿದ್ದವರ ಮುಖಗಳು ಬಿಗಿದವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಈ ಅಣ್ಣತಮ್ಮಂದಿರು ಆ ಒಂದು ಮಾತಿಗೆ ಒಂದಾಗಿಬಿಟ್ಟರು.

"ಅಪ್ಪನ ಕಪಾಟಾ!" ಎಂದ ದೊಡ್ಡವನು.

"ಅಪ್ಪ ಕೈಯಾರೆ ಮಾಡಿದ್ದು ಅಕ್ಕ!" ಎಂದ ಚಿಕ್ಕವನು.

"ಅದಕ್ಕೆ ಸ್ಕ್ರೂ ಡ್ರೈವರ್ ಹಚ್ಚೋದು ಅಂದ್ರೆ ಅಪ್ಪನ ಎದೆಗೇ ಹಚ್ಚಿದ ಹಾಗೆ" ಎಂದ ದೊಡ್ಡವನು. ಕಣ್ಣಲ್ಲಿ ನೀರು ಬಂತು. ಅದು ಮಾತ್ರ ನಿಜವಾಗಿ ಬೆವರೇ ಇರಬೇಕು.

ನಾನು ಕೇಳುತ್ತಾ ಕೂತಿದ್ದೆ. ಆ ಅಪ್ಪ ಕೊನೆಯ ದಿನಗಳಲ್ಲಿ ಮಂಚದ ಮೇಲಿಂದ "ಯಾರಾದ್ರೂ ಕಿಟಕಿ ತೆಗೀರೋ" ಎಂದು ಕೂಗುತ್ತಿದ್ದ. ದೊಡ್ಡವನು ಅಂಗಡಿಯಲ್ಲಿರುತ್ತಿದ್ದ, ಚಿಕ್ಕವನು ಕಚೇರಿಯಲ್ಲಿರುತ್ತಿದ್ದ. ಕಿಟಕಿ ತೆಗೆಯುತ್ತಿದ್ದದ್ದು ಹೊಳೆಯಿಂದ ಬಂದ ಪುಟ್ಟಿ. ಬದುಕಿದ್ದಾಗ ಅಪ್ಪನ ಕಿಟಕಿ ತೆಗೆಯದವರು ಸತ್ತ ಮೇಲೆ ಅಪ್ಪನ ಕಪಾಟು ತೆಗೆಯಲು ಬಿಡುವುದಿಲ್ಲ. ನ್ಯಾಯವೇ ಸರಿ, ತೆಗೆಯುವ ಅಭ್ಯಾಸವೇ ಇಲ್ಲ.

"ಬೇಕಾದ್ರೆ ಅತ್ತೇನೇ ಕೇಳು" ಎಂದ ದೊಡ್ಡವನು. "ಈ ಊರಲ್ಲಿ ಅತ್ತೆಗಿರೋ ನೆನಪು ಯಾರಿಗೂ ಇಲ್ಲ. ಎಲ್ಲಾ ಕಣ್ಣಿಗೆ ಕಟ್ಟಿದ ಹಾಗೆ ಹೇಳ್ತಾರೆ. ಹೇಳಿ ಅತ್ತೆ, ಅಪ್ಪಂಗೆ ಈ ಕಪಾಟು ಅಂದ್ರೆ ಎಷ್ಟು ಪ್ರಾಣ ಅಂತ."

ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಿದರಲ್ಲ, ಹೇಳಿದೆ.

"ನಿಮ್ಮಮ್ಮ ಎಣ್ಣೆ ಡಬ್ಬಗಳನ್ನ ಮನೆಯೊಳಗೆ ತರಬೇಡ ಅಂದ್ಲು. ಆ ಸಿಟ್ಟಿಗೆ ಮಾಡಿದ್ದು ಅದು. ಅಳತೆ ತಪ್ಪಿ ಬಾಗಿಲು ಪೂರ್ತಿ ತೆರೀತಿರಲಿಲ್ಲ. ತೆರೆದಾಗೆಲ್ಲ ಅವನ ಮಂಡಿಗೆ ಹೊಡೀತಿತ್ತು. 'ಮುಂದಿನ ವರ್ಷ ಈ ದರಿದ್ರ ಕಪಾಟನ್ನ ಕಿತ್ತು ಒಲೆಗೆ ಹಾಕ್ತೀನಿ' ಅಂತ ಪ್ರತಿ ವರ್ಷ ಹೇಳೋನು. ಸಾಯೋ ವರ್ಷಾನೂ ಹೇಳಿದ."

ಆಮೇಲೆ ದೊಡ್ಡವನು ತಮ್ಮನ ಕಡೆ ಬಾಗಿ, ನನಗೆ ಕೇಳುವಷ್ಟೇ ಮೆಲ್ಲಗೆ ಹೇಳಿದ: "ಪಾಪ, ವಯಸ್ಸಾಯ್ತು. ನೆನಪು ಕೆಟ್ಟಿದೆ."

"ಹೂಂ ಅಣ್ಣ" ಎಂದ ಚಿಕ್ಕವನು. "ಅದಕ್ಕೊಂದು ವಿಡಿಯೋ ಇದೆ."

ದೊಡ್ಡವನು ಹೋಗಿ ಕಪಾಟಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತ. ಲಾಂಚಿಗಾಗಿ ಯಾವತ್ತೂ ಅಷ್ಟು ಹೊತ್ತು ನಿಂತವನಲ್ಲ. "ನಾನಿರೋ ತನಕ ಇದನ್ನ ಮುಟ್ಟೋಕೆ ಬಿಡಲ್ಲ. ಪೈಪಿಗೇನಾಗಿದೆ? ಪೈಪು ಸರಿಯಾಗೇ ಇದೆ. ನಾನೇ ಹಾಕಿದ್ದು."

"ಕೆಳಗಿಂದ ನಾನು ಹಾಕಿದ್ದು" ಎಂದ ತಮ್ಮ, ಅವನ ಪಕ್ಕದಲ್ಲಿ ನಿಂತು.

ಪುಟ್ಟಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಆಯ್ತಣ್ಣ. ಪೈಪು ಸರಿ ಇದೆ, ಒಪ್ದೆ. ಹಾಗಾದ್ರೆ ಈಗಲೇ ಲಾಂಚು ನೀರಿಗಿಳಿಸೋಣ. ನೀವಿಬ್ರೂ ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ. ಜನ ತುಂಬಿದಾಗ ಆಗೋಷ್ಟು ಭಾರ ನಿಮ್ಮಿಬ್ರಲ್ಲೇ ಇದೆ. ನಡುಹೊಳೆಗೆ ಹೋಗಿ ಇಂಜಿನ್ ಆಫ್ ಮಾಡಿ, ಒಂದು ಲೋಟ ಚಹಾ ಕುಡಿದು ಬರೋಣ."

ದೊಡ್ಡವನು ಹೊಳೆ ನೋಡಿದ. ಚಿಕ್ಕವನು ಅಣ್ಣನನ್ನು ನೋಡಿದ. ಹೊಳೆಯ ದಡದಲ್ಲೇ ಹುಟ್ಟಿ ಬೆಳೆದ ಇವರಿಬ್ಬರಿಗೂ ಈಜು ಬರುವುದಿಲ್ಲ. ಒಬ್ಬ ಕಲಿಯಲಿಲ್ಲ, ಇನ್ನೊಬ್ಬ ವಿಡಿಯೋ ನೋಡಿ ಕಲಿತ.

"ಇವತ್ತು ಗಾಳಿ ಜಾಸ್ತಿ" ಎಂದ ದೊಡ್ಡವನು.

"ಒಂದು ಎಲೇನೂ ಅಲುಗ್ತಿಲ್ಲವಲ್ಲಣ್ಣ" ಎಂದಳು ಪುಟ್ಟಿ.

"ನಂಗೆ ಕಚೇರಿ ಇದೆ" ಎಂದ ಚಿಕ್ಕವನು.

"ಇವತ್ತು ಭಾನುವಾರ."

"ದಿನಾ ಎಷ್ಟು ನರ್ಸುಗಳನ್ನ ಆ ಸೀಟಲ್ಲಿ ಕೂರಿಸ್ಕೊಂಡು ಹೋಗ್ತೀನಿ ನಾನು" ಎಂದಳು ಪುಟ್ಟಿ, ದನಿ ಇನ್ನೂ ಇಳಿದಿತ್ತು. "ನೀವು ಹಾಕಿದ ಪೈಪಿನ ಮೇಲೆ. ಅವರ್ಯಾರೂ ಗಾಳಿ ಅನ್ನಲಿಲ್ಲ. ಬನ್ನಿ, ಹತ್ತಿ."

ದೊಡ್ಡವನ ಚಾಚಿದ ಕೈಗಳು ಒಂದೊಂದಾಗಿ ಇಳಿದವು. ಟೋಪಿ ತೆಗೆದು ತಲೆ ಕೆರೆದುಕೊಂಡ. ಕಪಾಟಿನ ಮುಂದಿನಿಂದ ಹೇಗೆ ಸರಿದನೆಂದು ನಾನು ನೋಡಲೇ ಇಲ್ಲ, ನೋಡುವಷ್ಟರಲ್ಲಿ ದಡದ ಮೇಲಿದ್ದ.

ಕಪಾಟು ಬಿಚ್ಚುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನನ್ನ ಅಣ್ಣ ಅದನ್ನು ಮಾಡಿದ್ದೇ ಕಿತ್ತು ಹಾಕುವ ಮನಸ್ಸಿನಿಂದಲೋ ಏನೋ, ಸ್ಕ್ರೂಗಳಿಗೆ ಗ್ರೀಸು ಸವರಿ ಕೂರಿಸಿದ್ದ. ಪುಟ್ಟಿ ಬಿಚ್ಚಿ ಕೊಟ್ಟಳು, ಮೇಸ್ತ್ರಿ 'ಆಗಲ್ಲ' ಎನ್ನುತ್ತಲೇ ಹಿಡಿದು ಇಳಿಸಿದ. ಹಿಂದೆ ಒಂದು ಅಡ್ಡ ಹಲಗೆ. ಪೈಪು ಹಾಯಲೆಂದು ಅಣ್ಣ ಅದರ ನಡುವೆ ಗುಂಡಗೆ ಒಂದು ಕಂಡಿ ಕೊರೆದಿದ್ದ. ಪುಟ್ಟಿ ಟಾರ್ಚು ಹಾಕಿದಳು. ಬಾಗಿ ನೋಡಿದಳು. ಆಮೇಲೆ ಬದಿಗೆ ಸರಿದು, "ಬನ್ನಿ, ಎಲ್ಲರೂ ನೋಡಿ" ಎಂದಳು. ನನ್ನನ್ನೂ ಕೈಹಿಡಿದು ಹತ್ತಿಸಿದಳು.

ಕಂಡಿಯಲ್ಲಿ ಪೈಪು ಇರಲಿಲ್ಲ. ಅಲ್ಲೊಂದು ಜೇಡ ಸಂಸಾರ ಹೂಡಿತ್ತು.

ಹಲಗೆಯ ಮೇಲುಗಡೆ ಒಂದು ಪೈಪಿನ ಬಾಯಿ, ಕೆಳಗಡೆ ಇನ್ನೊಂದು ಪೈಪಿನ ಬಾಯಿ. ಎರಡೂ ಒಳ್ಳೆಯ ಪೈಪೇ, ಎರಡಕ್ಕೂ ಹೊರತುದಿಯಲ್ಲಿ ಹೊಳೆಯುವ ಕ್ಲಿಪ್ಪು. ನಡುವೆ ಹಲಗೆ. ಅಣ್ಣನಾದವನು ಮೇಲಿನಿಂದ ಹಳೆಯ ಪೈಪನ್ನು ಜಗ್ಗಿದ್ದಾನೆ, ಬಂದಷ್ಟು ಹರಿದು ಬಂದಿದೆ, ಹೊಸದನ್ನು ತಳ್ಳಿದ್ದಾನೆ, ಹಲಗೆಗೆ ತಾಗಿ ನಿಂತಿದೆ, ಸೇರಿತು ಎಂದುಕೊಂಡು ಚಹಾಕ್ಕೆ ಬಂದಿದ್ದಾನೆ. ತಮ್ಮನಾದವನು ಕೆಳಗಿನಿಂದ ಉಳಿದ ಹಳೆಯದನ್ನೆಲ್ಲ ಎಳೆದು ಹಾಕಿ, ತನ್ನದನ್ನು ತಳ್ಳಿದ್ದಾನೆ, ಅದೂ ಅದೇ ಹಲಗೆಗೆ ತಾಗಿ ನಿಂತಿದೆ. 'ನಿನ್ನದು ಎಲ್ಲಿಯವರೆಗೆ ಬಂತು' ಎಂದು ಒಬ್ಬ ಇನ್ನೊಬ್ಬನನ್ನು ಕೇಳಿದ್ದರೆ ಸಾಕಿತ್ತು. ಆದರೆ ಮಾತಿರಲಿಲ್ಲವಲ್ಲ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಮ್ಮಲ್ಲಿ ಮಾತು ಬಿಟ್ಟದ್ದೇ ತೂತಾಯಿತು.

ಮೇಸ್ತ್ರಿ ಬಾಗಿ ನೋಡಿ, ಅವತ್ತು ಮೊದಲ ಸಲ ಲೊಚ್ಚೆನ್ನದೆ ಮಾತಾಡಿದ. "ಡೆಕ್ಕಿನ ನೀರು ದೊಡ್ಡವರ ಪೈಪಿಂದ ಒಳಗೆ. ಜನ ತುಂಬಿ ಹಿಂಭಾಗ ತಗ್ಗಿದಾಗ ಹೊಳೆ ನೀರು ಚಿಕ್ಕವರ ಪೈಪಿಂದ ಒಳಗೆ. ಎರಡೂ ಕಡೆಯಿಂದ ಸಪ್ಲೈ. ಇಷ್ಟು ವರ್ಷ ಇದು ತೇಲಿದ್ದು ಹೇಗೆ?"

ಉತ್ತರ ಅಲ್ಲೇ ಮೂಲೆಯಲ್ಲಿತ್ತು: ತಳ ಸವೆದ ಬಕೆಟ್ಟು.

"ನಾನು ಹಾಕಿದ್ದು ಸರಿಯಾಗೇ ಇದೆ ನೋಡು" ಎಂದ ದೊಡ್ಡವನು ಕೊನೆಗೆ. "ಹಲಗೆ ತನಕ ಪಕ್ಕಾ ಇದೆ."

"ನಂದೂ ಹಲಗೆ ತನಕ ಪಕ್ಕಾ" ಎಂದ ಚಿಕ್ಕವನು. ಇಬ್ಬರಿಗೂ ಸಮಾಧಾನವಾಯಿತು. ತಪ್ಪು ಹಲಗೆಯದ್ದು.

ಮಧ್ಯಾಹ್ನದ ಹೊತ್ತಿಗೆ ಪುಟ್ಟಿ ಉದ್ದಕ್ಕೆ ಒಂದೇ ತುಂಡು ಪೈಪು ತಂದಳು. ಗಟ್ಟಿ ಪೈಪು, ತೂತಿನ ಮೂತಿಗೆ ಹತ್ತುವುದಿಲ್ಲ ಎಂದು ಹಟ ಮಾಡಿತು. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ ಎಂದು ಮೇಸ್ತ್ರಿ ಹೇಳಿದ. ಕೆಟಲ್ಲಿನಲ್ಲಿ ನೀರು ಕಾಯಿಸಿ, ಪೈಪಿನ ತುದಿಯನ್ನು ಅದರಲ್ಲಿ ಹಿಡಿದು ಕೂರುವ ಕೆಲಸ ನನ್ನದಾಯಿತು. ಮೆತ್ತಗಾದ ಕೂಡಲೇ "ಹೂಂ" ಎನ್ನಬೇಕು, ಪುಟ್ಟಿ ಎಳೆದುಕೊಂಡು ತಳ್ಳಬೇಕು. ಮೊದಲ ಸಲ ನನ್ನ "ಹೂಂ" ಅವಳಿಗೆ ಕೇಳಲಿಲ್ಲ. "ಜೋರಾಗಿ ಅತ್ತೆ!" ಎಂದು ಒಳಗಿಂದ ಕೂಗಿದಳು. ಎರಡನೇ ಸಲ ನಾನು ಕೂಗಿದ್ದಕ್ಕೆ ದಡದ ನಾಯಿ ಎದ್ದು ನಿಂತಿತು. ತುದಿಗೆ ಎರಡೆರಡು ಕ್ಲಿಪ್ಪು ಬಿಗಿದು ಅವಳು ಹೊರಗೆ ಬಂದಾಗ ಮುಖ, ಕೈ, ಬಟ್ಟೆ ಎಲ್ಲ ಮಸಿ. ಆ ಪೈಪು ಬದಲಾಯಿಸಿದವರ ಬಟ್ಟೆ ಹೇಗಾಗುತ್ತದೆಂದು ನಾನು ಆಗ ಮೊದಲು ನೋಡಿದೆ.

ಸೋಮವಾರ ಲಾಂಚು ನೀರಿನಲ್ಲಿತ್ತು. ಸಾಹೇಬರು ಬಕೆಟ್ ಸುರಿದರು. ಪಕ್ಕೆಯ ತೂತಿನಿಂದ ನೀರು ಹೊಳೆಗೆ ಹಾರಿತು. ಕಾಲ ಕೆಳಗೆ ಸದ್ದಿಲ್ಲ. "ಹಿಂಭಾಗಕ್ಕೆ ಭಾರ ಹಾಕಿ ತೋರಿಸಿ" ಎಂದರು. ಪುಟ್ಟಿ ದಡದ ಕಡೆ ತಿರುಗಿದಳು. ಅಣ್ಣತಮ್ಮಂದಿರಿಬ್ಬರೂ ಬಂದಿದ್ದರು. ಸಾಹೇಬರ ಎದುರಿಗೆ ಇಲ್ಲ ಎನ್ನಲಾಗದೆ, ಒಬ್ಬನ ಕೈ ಇನ್ನೊಬ್ಬ ಹಿಡಿದು ಹತ್ತಿದರು. ದೊಡ್ಡವನು ಜಾಕೆಟ್ಟಿನ ಮೇಲೆ ಜಾಕೆಟ್ಟು ಹಾಕಿಕೊಂಡಿದ್ದ. ಲಾಂಚಿನ ಹಿಂಭಾಗ ತಗ್ಗಿತು. ಪಕ್ಕೆಯ ತೂತು ಹೊಳೆಯ ನೀರಿಗೆ ಮುಟ್ಟಿತು. ತಳದ ಹಲಗೆ ಎತ್ತಿ ಸಾಹೇಬರು ಕೈಯಾಡಿಸಿದರು. ಒಣಗಿತ್ತು.

"ಯಾರು ಮಾಡಿದ್ದು ಇದನ್ನ?"

"ನಾವೇ ಸಾರ್" ಎಂದ ದೊಡ್ಡವನು, ಕಂಬಿ ಬಿಡದೆ. "ಮನೆಯವರೆಲ್ಲ ಸೇರಿ."

ಪುಟ್ಟಿ ಸೀಟಿನ ಕೆಳಗಿನಿಂದ ಎರಡು ಗಿಡ್ಡ ಪೈಪು ತೆಗೆದು ಸಾಹೇಬರ ಕೈಗಿಟ್ಟಳು. "ಇವರು ಮಾಡಿದ್ದು ಇದು ಸಾರ್. ಹಲಗೆ ತನಕ ಪಕ್ಕಾ ಇದೆ." ಸಾಹೇಬರು ಒಂದು ಪೈಪಿನೊಳಗಿಂದ ಹಣಕಿ ಅವರಿಬ್ಬರನ್ನು ನೋಡಿದರು. ನಗಲಿಲ್ಲ. ಹತ್ತಿಸಬಹುದು ಎಂದು ನರ್ಸುಗಳಿಗೆ ಕೈ ಬೀಸಿ ಇಳಿದು ಹೋದರು.

ದೊಡ್ಡ ಸೊಸೆ ಆ ವಾರ ಬೇರೆ ಪಾತ್ರೆಯವಳನ್ನು ಹುಡುಕಿಕೊಂಡಳು. ಚಹಾ ಮತ್ತೆ ನಾವೇ ಮಾಡಿಕೊಳ್ಳುತ್ತಿದ್ದೇವೆ. ಕಪಾಟನ್ನು ಪುಟ್ಟಿ ವಾಪಸು ಕೂರಿಸಲಿಲ್ಲ. ಅದು ಯಾರ ಮನೆಯಲ್ಲಿರಬೇಕು ಎಂದು ಅಣ್ಣತಮ್ಮಂದಿರು ಎರಡು ದಿನ ವಾದ ಮಾಡಿದರು, ಮೂರನೆಯ ದಿನ ಮಾತು ಬಿಟ್ಟರು. ಎರಡು ಮನೆಯ ನಡುವಿನ ಅಂಗಳದಲ್ಲಿ ನಿಂತಿದೆ, ಮಳೆ ಬಂದರೆ ಒದ್ದೆಯಾಗುತ್ತದೆ. ಬೆವರುತ್ತಿದೆ ಎನ್ನಬೇಕೋ ಏನೋ. ಬಾಗಿಲು ಈಗಲೂ ಪೂರ್ತಿ ತೆರೆಯುವುದಿಲ್ಲ.

ಸಾಹೇಬರು ಬಂದುಹೋದ ಮಾರನೆಯ ದಿನ, ಮಂಗಳವಾರ ಬೆಳಿಗ್ಗೆ, ಪುಟ್ಟಿ ನನ್ನನ್ನೂ ಜೆಟ್ಟಿಗೆ ಕರೆದುಕೊಂಡು ಹೋದಳು. ಅಭ್ಯಾಸದಂತೆ ಬಕೆಟ್ಟು ಹಿಡಿದು ತಳದ ಹಲಗೆ ಎತ್ತಿದಳು. ಮೊಗೆಯಲು ಏನೂ ಇಲ್ಲ. ಬಕೆಟ್ಟು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಳು, ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯದವಳಂತೆ. ಆಮೇಲೆ ಅದನ್ನು ಚುಕ್ಕಾಣಿಯ ಪಕ್ಕದಲ್ಲಿ, ಕಪಾಟಿದ್ದ ಜಾಗದಲ್ಲಿ ಬೋರಲು ಹಾಕಿದಳು.

"ಕೂತ್ಕೋ ಅತ್ತೆ" ಎಂದಳು. "ಬರುವಾಗ ಲಾಂಚಲ್ಲಿ ಯಾರೂ ಇರಲ್ಲ. ಆಗ ಇನ್ನೊಂದು ಸಲ ಕೂಗು ನೋಡೋಣ."